ಐವತ್ತೊಂದಕ್ಕೆ ನಲವತ್ತೊಂಬತ್ತು

ಪಾಲುದಾರನನ್ನು ನಂಬಬೇಕೋ ಬೇಡವೋ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಯಾವುದರಲ್ಲಿ ನಂಬಬೇಕು, ಯಾವುದನ್ನು ಬರೆಸಿಕೊಳ್ಳಬೇಕು ಎಂದು ಕೇಳಿಕೊಂಡರೆ ಸಿಗುತ್ತದೆ.

*

ಕತಾರಿನಲ್ಲಿ ಬಹುಕಾಲ ಹೊರಗಿನವರು ಕಂಪನಿ ತೆರೆಯಬೇಕಾದರೆ ಕತಾರಿ ಪಾಲುದಾರ ಬೇಕೇ ಬೇಕಿತ್ತು. 2000ನೇ ಇಸವಿಯ 13ನೇ ಕಾನೂನು ವಿದೇಶಿಗನಿಗೆ ಸಾಮಾನ್ಯವಾಗಿ ಕೊಟ್ಟದ್ದು ಹೆಚ್ಚೆಂದರೆ ಶೇ. 49, ಉಳಿದ 51 ಸ್ಥಳೀಯನದು. ಉಡುಪಿ, ಮಂಗಳೂರು, ಭಟ್ಕಳದ ಕಡೆಯಿಂದ ಹೋದ ಎಷ್ಟೋ ಸಣ್ಣ ವ್ಯಾಪಾರಿಗಳು ಈ ಲೆಕ್ಕದೊಳಗೇ ಬದುಕು ಕಟ್ಟಿಕೊಂಡರು. ಹಲವರ ಪಾಲಿಗೆ ಬಂಡವಾಳ, ದುಡಿಮೆ, ನಿದ್ದೆಗೆಡುವುದು ಎಲ್ಲವೂ ತಮ್ಮದು. ಪರವಾನಗಿಯ ಮೇಲಿನ ದೊಡ್ಡ ಪಾಲು ಇನ್ನೊಬ್ಬರದು. ಎರಡೇ ಅಂಶಗಳ ಅಂತರದ ಮೇಲೆ ಸಂಸಾರವನ್ನೆಲ್ಲ ಇಟ್ಟು ಮಲಗುವವನಿಗೆ ನಂಬಿಕೆಯ ಪಾಠ ಯಾರೂ ಹೇಳಬೇಕಾಗಿಲ್ಲ.

*

ಬಹುಪಾಲು ಯಾರದೆಂದು ಕಾಗದ ಹೇಳುತ್ತದೆ. ಹತೋಟಿ ಯಾರದೆಂದು ತಿಳಿಯಬೇಕಾದರೆ ಚೆಕ್ಕಿಗೆ ಸಹಿ ಹಾಕುವವರು ಯಾರು, ಕಂಪನಿಯ ಸ್ಟ್ಯಾಂಪು ಯಾರ ಡ್ರಾಯರಿನಲ್ಲಿದೆ, ಸಹಿಯ ಅಧಿಕಾರ ತೋರಿಸುವ ಕಂಪ್ಯೂಟರ್ ಕಾರ್ಡಿನಲ್ಲಿ ಯಾರ ಹೆಸರಿದೆ ಎಂದು ನೋಡಬೇಕು.

*

ಹೆಸರಿಗೊಬ್ಬ ಪಾಲುದಾರ, ಹಿಂದೆ ಪೂರ್ತಿ ವ್ಯಾಪಾರ ಇನ್ನೊಬ್ಬನದು: ಇಂಥ ಮರೆಯ ವ್ಯವಹಾರವನ್ನು ತಡೆಯಲು ಕತಾರ್ 2004ರಲ್ಲೇ ಕಾನೂನು ತಂದಿತು. ಆದರೂ ಡ್ರಾಯರಿನಲ್ಲಿ ಇನ್ನೊಂದು ಗುಟ್ಟಿನ ಒಪ್ಪಂದ ಇಟ್ಟುಕೊಂಡು ಧೈರ್ಯವಾಗಿದ್ದವರು ಇದ್ದರು. ಕಾನೂನಿನ ಕಣ್ಣಿಗೆ ಬೀಳಬಾರದೆಂದು ಬರೆದ ಕಾಗದ ಕಾನೂನಿನ ಆಸರೆಗೂ ಬರುವುದಿಲ್ಲ.

*

2019ರ 1ನೇ ಕಾನೂನು ಬಂದ ಮೇಲೆ ಸರ್ಕಾರದ ಅನುಮತಿ ಪಡೆದು ಹೆಚ್ಚಿನ ಕ್ಷೇತ್ರಗಳಲ್ಲಿ ಶೇ. 100 ಪಾಲನ್ನೂ ವಿದೇಶಿಗರು ಇಟ್ಟುಕೊಳ್ಳಬಹುದು. ಆಮೇಲೂ ಹಳೆಯ ಪಾಲುದಾರನನ್ನು ಬಿಡದವರಿದ್ದಾರೆ. ಕಡ್ಡಾಯ ಹೋದ ಮೇಲೂ ಯಾರು ಉಳಿದರು ಎಂಬುದರಲ್ಲಿ ಪಾಲುಗಾರಿಕೆಯ ಬೆಲೆ ತಿಳಿಯುತ್ತದೆ.

*

ದೋಹಾದ ಇಂಡಸ್ಟ್ರಿಯಲ್ ಏರಿಯಾದ ಫ್ಯಾಬ್ರಿಕೇಶನ್ ಶೆಡ್ಡೊಂದರ ಮಾತುಕತೆ ಹೀಗೆ ನಡೆಯಬಹುದು:

‘ತಿಂಗಳ ಲೆಕ್ಕ ಕೇಳ್ತಿದ್ದೀರಲ್ಲ ಅಣ್ಣ, ನನ್ನ ಮೇಲೆ ನಂಬಿಕೆ ಇಲ್ವಾ?’

‘ಇದೆ ಮಾರಾಯ, ಅದಕ್ಕೇ ಕೇಳುವುದು. ನಂಬಿಕೆ ಹೋದವನ ಹತ್ತಿರ ಯಾರಾದ್ರೂ ಲೆಕ್ಕ ಕೇಳ್ತಾರಾ? ಪಾಲು ಕೇಳಿ ಹೊರಡ್ತಾರೆ.’

*

ಕುರಾನಿನ ಅತ್ಯಂತ ದೀರ್ಘ ವಚನ ಸಾಲದ ವ್ಯವಹಾರದ ಕುರಿತಾದದ್ದು. ಬರೆದಿಡಿ, ಸಾಕ್ಷಿಗಳಿರಲಿ, ಮೊತ್ತ ಚಿಕ್ಕದಾದರೂ ಬೇಸರಿಸಬೇಡಿ ಎಂಬುದು ಅದರ ಸಾರ. ಕಾಗದ ಕೇಳಿದರೆ ಅರಬ್ಬಿ ಪಾಲುದಾರನಿಗೆ ಅವಮಾನವಾದೀತೆಂದು ನಮ್ಮವರು ಹಿಂಜರಿಯುವುದುಂಟು. ಅವನ ಧರ್ಮಗ್ರಂಥವೇ ಹೇಳಿದ್ದನ್ನು ನಾವು ಕೇಳಲು ಸಂಕೋಚಪಡುತ್ತೇವೆ.

*

ತಾಯಿ ಮಕ್ಕಳಾದರೂ ಬಾಯಿ ಹೊಟ್ಟೆ ಬೇರೆ ಎಂದು ಹಿರಿಯರು ಹೇಳಿದ್ದು ಪ್ರೀತಿ ಕಡಿಮೆಯಾಗಿ ಅಲ್ಲ.

*

ತೈಲಕ್ಕೆ ಮೊದಲು ಕತಾರಿನ ಹೊಟ್ಟೆ ತುಂಬಿಸಿದ್ದು ಮುತ್ತು. ದೋಣಿಯ ಯಜಮಾನ ನಾಖುದಾ, ಹಂಗಾಮಿಗೆ ಮೊದಲೇ ಮುಳುಗುಗಾರರಿಗೆ ಮುಂಗಡ ಕೊಡುತ್ತಿದ್ದ. ಲೆಕ್ಕ ಇರುವುದು ಅವನ ಕಡೆ; ಓದು ಬಾರದವನ ಸಾಲ ತೀರಿತೋ ಇಲ್ಲವೋ ಎಂದು ಅವನೇ ಹೇಳಬೇಕು. ಕೊಲ್ಲಿಯ ಕರಾವಳಿಯಲ್ಲಿ ಅಪ್ಪನ ಸಾಲ ಮಗನ ತಲೆಗೆ ಬಂದದ್ದೂ ಉಂಟು. ಹಣವೂ ಲೆಕ್ಕವೂ ಒಬ್ಬನ ಕೈಯಲ್ಲೇ ಇದ್ದರೆ ಅದನ್ನು ಪಾಲುಗಾರಿಕೆ ಎನ್ನಲಾಗದು.

*

ನಾಖುದಾ ಮುಳುಗುಗಾರನನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಮಾರುಕಟ್ಟೆ ಮಾತ್ರ ಅವನ ಕೈಯಲ್ಲಿರಲಿಲ್ಲ. 1930ರ ಹೊತ್ತಿಗೆ ಜಪಾನಿನ ಕೃಷಿ ಮುತ್ತೂ ಜಗತ್ತಿನ ಆರ್ಥಿಕ ಕುಸಿತವೂ ಒಟ್ಟಿಗೆ ಬಂದು ಇಬ್ಬರನ್ನೂ ಮುಳುಗಿಸಿದವು. ಪಾಲುದಾರನನ್ನು ಕಾಯುವುದರಲ್ಲೇ ಮೈಮರೆತವನಿಗೆ ಹೊರಗಿನಿಂದ ಬರುವ ಪೆಟ್ಟು ಕಾಣುವುದಿಲ್ಲ.

*

ಕೊಲ್ಲಿಯ ಮುತ್ತು ಬೊಂಬಾಯಿಗೆ ಬರುತ್ತಿತ್ತು. ಅಲ್ಲಿ ದರ ಕುದುರಿಸುವುದು ಬಟ್ಟೆಯಡಿ ಕೈ ಹಿಡಿದು, ಬೆರಳಿನ ಸನ್ನೆಯಲ್ಲಿ. ನಮ್ಮ ದನದ ಜಾತ್ರೆಗಳಲ್ಲೂ ಟವಲಿನಡಿ ಹೀಗೇ ನಡೆಯುತ್ತದೆ. ಸುತ್ತ ನಿಂತವರಿಗೆ ದರ ಗುಟ್ಟು; ಕೈ ಹಿಡಿದ ಇಬ್ಬರಿಗೆ ಮಾತ್ರ ಬೆರಳಿನಷ್ಟು ಸ್ಪಷ್ಟ. ಗುಟ್ಟು ಹೊರಗಿನವರಿಂದ ಇರಬಹುದು, ಕೈ ಹಿಡಿದವನಿಂದ ಇರಬಾರದು.

*

ಮನುಷ್ಯನ ಮೇಲೆ ಹತೋಟಿ ಇಟ್ಟರೆ ಅವನು ಬಿಡಿಸಿಕೊಳ್ಳುವ ದಾರಿ ಹುಡುಕುತ್ತಾನೆ. ಕೆಲಸದ ಮೇಲೆ ಇಟ್ಟರೆ ಕೆಲಸ ಮುಗಿಸುವ ದಾರಿ ಹುಡುಕುತ್ತಾನೆ.

*

ಕಫಾಲಾ ಪದ್ಧತಿಯಲ್ಲಿ ಕೆಲಸಗಾರ ಮಾಲೀಕನನ್ನು ಬಿಟ್ಟು ಬೇರೆ ಕೆಲಸಕ್ಕೆ ಸೇರಲು ಅವನ ಎನ್‌ಓಸಿ ಬೇಕಿತ್ತು, ದೇಶ ಬಿಡಲು ಅವನ ಎಕ್ಸಿಟ್ ಪರ್ಮಿಟ್ ಬೇಕಿತ್ತು. 2018ರಲ್ಲಿ ಹೆಚ್ಚಿನವರಿಗೆ ಎಕ್ಸಿಟ್ ಪರ್ಮಿಟ್ ಹೋಯಿತು. 2020ರಲ್ಲಿ ಎನ್‌ಓಸಿಯೂ ಹೋಯಿತು. 2021ರ ಮಾರ್ಚಿನಿಂದ ಎಲ್ಲ ದೇಶದವರಿಗೂ ಒಂದೇ ಕನಿಷ್ಠ ಕೂಲಿ, ತಿಂಗಳಿಗೆ 1,000 ರಿಯಾಲ್. ಸಂಬಳ ಬ್ಯಾಂಕಿನ ಮೂಲಕವೇ ಹೋಗಬೇಕೆಂಬ ವ್ಯವಸ್ಥೆ 2015ರಲ್ಲೇ ಬಂದಿತ್ತು. ಜಾರಿಯಲ್ಲಿ ಕೊರತೆಗಳಿವೆ ಎಂಬ ದೂರು ಇನ್ನೂ ಇದೆ. ಆದರೆ ದಿಕ್ಕು ಸರಿ: ಪಾಸ್‌ಪೋರ್ಟ್ ಹಿಡಿದಿಡುವ ಕೈಯನ್ನು ಬಿಡಿಸಿ, ಸಂಬಳದ ದಾಖಲೆಯ ಮೇಲೆ ಕಣ್ಣಿಡುವುದು. ದೊಡ್ಡ ಕಂಪನಿಗಳ ನಡುವಿನ ಪಾಲುಗಾರಿಕೆಗೂ ಇದಕ್ಕಿಂತ ಒಳ್ಳೆಯ ಸೂತ್ರ ಇಲ್ಲ.

*

ಹೋಗಲು ಬಿಟ್ಟರೂ ಹೋಗದವನ ಮೇಲೆ ಮಾತ್ರ ಭಾರ ಹಾಕಬಹುದು.

*

ಬಾಡಿಗೆ ಮನೆ ಹಿಡಿದರೆ ವರ್ಷದ ಹನ್ನೆರಡು ಚೆಕ್ಕುಗಳನ್ನು ಮುಂದಿನ ತಾರೀಕು ಹಾಕಿ ಮೊದಲೇ ಕೊಡುವುದು ದೋಹಾದ ರೂಢಿ. ವ್ಯಾಪಾರದಲ್ಲೂ ಇಂಥ ಪಿಡಿಸಿ ಚೆಕ್ಕಿನದೇ ಓಡಾಟ. ಚೆಕ್ಕು ಬೌನ್ಸ್ ಆದರೆ ಅಲ್ಲಿ ಅದು ಕ್ರಿಮಿನಲ್ ಅಪರಾಧ, ಜೈಲಿನವರೆಗೂ ಹೋಗಬಹುದು. ಸಹಿ ಹಾಕುವಾಗ ಹನ್ನೆರಡೂ ಒಂದೇ ರೀತಿಯ ಚೀಟಿಗಳು. ವಸೂಲಿ ನಿಂತ ಎಂಟನೇ ತಿಂಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ತೂಕ. ಹತೋಟಿಯ ಸಾಧನ ಕೊಡುವ ದಿನ ಹಗುರವಾಗಿಯೇ ಇರುತ್ತದೆ.

*

‘ನಮಗೆ ಹಣ ಬಂದ ಮೇಲೆ ನಿಮಗೆ’ ಎಂಬ ಕಲಮು ಗುತ್ತಿಗೆಯ ಸರಪಳಿಯಲ್ಲಿ ಮೇಲಿನಿಂದ ಕೆಳಗಿನವರೆಗೂ ಇಳಿದು ಬರುತ್ತದೆ. ಮುಖ್ಯ ಗುತ್ತಿಗೆದಾರ ಉಪಗುತ್ತಿಗೆದಾರನಿಗೆ ಹೇಳುತ್ತಾನೆ, ಅವನು ತನ್ನ ಕೆಳಗಿನವನಿಗೆ ಹೇಳುತ್ತಾನೆ. ಎಲ್ಲರಿಗಿಂತ ಕೆಳಗಿನವನ ಹತ್ತಿರ ಈ ಮಾತು ಹೇಳಲು ಇನ್ಯಾರೂ ಇರುವುದಿಲ್ಲ. ತಿಂಗಳ ಕೊನೆಗೆ ಅವನು ಸಂಬಳ ಕೊಡಲೇಬೇಕು. ಅಪಾಯವನ್ನು ಹಂಚಿಕೊಳ್ಳುವುದು ಪಾಲುಗಾರಿಕೆ, ಕೆಳಕ್ಕೆ ದಾಟಿಸುವುದು ಜಾಣತನ. ಎರಡನೆಯದನ್ನು ಮಾಡಿ ಮೊದಲನೆಯದರ ಹೆಸರು ಹೇಳುವವರೇ ಹೆಚ್ಚು.

*

ಬಿಲ್ಲಿನಲ್ಲಿ ಶೇ. 10 ರಿಟೆನ್ಶನ್ ಹಿಡಿದಿಟ್ಟುಕೊಳ್ಳುವುದು ಕಟ್ಟಡದ ಕೆಲಸದಲ್ಲಿ ಮಾಮೂಲು. ಕೆಲಸ ಸರಿ ಬಂದಿದೆಯೇ ಎಂದು ನೋಡಲು ಹಿಡಿದ ಹಣವದು. ಕೆಲಸ ಸರಿಯಿದ್ದ ಮೇಲೂ ನೆಪ ಹೂಡಿ ಉಳಿಸಿಕೊಂಡರೆ, ಆ ಶೇ. 10ಕ್ಕಾಗಿ ಮುಂದಿನ ಕೆಲಸದ ದರ ಶೇ. 15 ಏರಿ ಬರುತ್ತದೆ. ಹತೋಟಿಯ ದುರ್ಬಳಕೆಗೆ ಬಿಲ್ಲು ಬಂದೇ ಬರುತ್ತದೆ, ಬೇರೆ ಹೆಸರಿನಲ್ಲಿ.

*

ಕತಾರಿನ ಸಿವಿಲ್ ಸಂಹಿತೆಯ ಪ್ರಕಾರ ಕಟ್ಟಡ ಕುಸಿದರೆ ಗುತ್ತಿಗೆದಾರನೂ ಎಂಜಿನಿಯರೂ ಹತ್ತು ವರ್ಷಗಳವರೆಗೆ ಹೊಣೆ. ಹತ್ತು ವರ್ಷ ಯಾರೂ ಯಾರ ಬೆನ್ನ ಹಿಂದೆ ನಿಂತು ಕಾಯಲಾರರು. ಕಾಯಲಾಗದ ಕಡೆ ಹೊಣೆ ಹೊರಿಸುವುದೇ ಸರಿಯಾದ ಹತೋಟಿ.

*

ವಿಶ್ವಕಪ್ ಫುಟ್‌ಬಾಲಿಗೆ ಸಜ್ಜಾದ ಅಹ್ಮದ್ ಬಿನ್ ಅಲಿ ಕ್ರೀಡಾಂಗಣವನ್ನು ಕಟ್ಟಿದ್ದು ಕತಾರಿನ ಅಲ್ ಬಲಾಘ್ ಮತ್ತು ಭಾರತದ ಎಲ್ ಅಂಡ್ ಟಿ ಜಂಟಿಯಾಗಿ. 2020ರ ಡಿಸೆಂಬರ್ 18ರಂದು, ಕತಾರಿನ ರಾಷ್ಟ್ರೀಯ ದಿನದಂದು, ಅದು ಉದ್ಘಾಟನೆಯಾಯಿತು. ಸ್ಥಳ, ಜನ, ಕಚೇರಿ ಬಲ್ಲವನು ಒಬ್ಬ. ದೊಡ್ಡ ಕೆಲಸದ ಅನುಭವ ಇದ್ದವನು ಇನ್ನೊಬ್ಬ. ಇಬ್ಬರಿಗೂ ಗೊತ್ತಿದ್ದ ಕೆಲಸಕ್ಕೆ ಪಾಲುದಾರ ಬೇಕಾಗಿಲ್ಲ, ಇಬ್ಬರಿಗೂ ಗೊತ್ತಿಲ್ಲದ ಕೆಲಸಕ್ಕೆ ಪಾಲುದಾರ ಸಾಲದು.

*

ಜಂಟಿ ಗುತ್ತಿಗೆಗಳಲ್ಲಿ ಒಟ್ಟಾಗಿಯೂ ಬಿಡಿಯಾಗಿಯೂ ಹೊಣೆ ಎಂಬ ಸಾಲು ಸಾಮಾನ್ಯ. ಲಾಭ ಅರ್ಧ, ಹೊಣೆ ಪೂರ್ತಿ ಎಂದು ಅದರ ಅರ್ಥ. ಇದನ್ನು ತಿಳಿದವನು ಪಾಲುದಾರನ ಕೆಲಸದಲ್ಲಿ ಕೈ ಹಾಕಿದರೆ ಅದನ್ನು ಅನುಮಾನ ಎನ್ನಬಾರದು.

*

ಎತ್ತು ಏರಿಗೆ, ಕೋಣ ನೀರಿಗೆ ಎಳೆಯಿತು ಎಂಬ ಗಾದೆಯಲ್ಲಿ ಎರಡೂ ಪ್ರಾಮಾಣಿಕವೇ. ಪಾಲುಗಾರಿಕೆಗಳು ಮುರಿಯುವುದು ಮೋಸದಿಂದ ಎಂದುಕೊಳ್ಳುತ್ತೇವೆ. ನೊಗ ಹೂಡುವ ಮೊದಲು ಎತ್ತ ಹೋಗುವುದೆಂದು ಕೇಳದೆ ಮುರಿದವು ಅದಕ್ಕಿಂತ ಹೆಚ್ಚು.

*

ಬೆಂಗಳೂರಿಗೂ ದೋಹಾಕ್ಕೂ ಎರಡೂವರೆ ಗಂಟೆಯ ಅಂತರ. ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ, ಇಲ್ಲಿ ಹೆಚ್ಚಿನ ಕಂಪನಿಗಳಿಗೆ ಶನಿವಾರ ಮತ್ತು ಭಾನುವಾರ. ಎರಡೂ ಕಚೇರಿ ತೆರೆದಿರುವುದು ಸೋಮವಾರದಿಂದ ಗುರುವಾರದವರೆಗೆ ನಾಲ್ಕೇ ದಿನ. ಭಾನುವಾರ ದೋಹಾದಲ್ಲಿ ಕ್ರೇನ್ ಕೆಟ್ಟರೆ ಯಾರು ತೀರ್ಮಾನಿಸಬೇಕು ಎಂದು ಮೊದಲೇ ಹೇಳದಿದ್ದವನು ಸೋಮವಾರ ಬಂದು ರೇಗುವ ಹಕ್ಕು ಕಳೆದುಕೊಳ್ಳುತ್ತಾನೆ.

*

ಪ್ರತಿ ಬಿಲ್ಲಿಗೂ ತನ್ನ ಸಹಿಯೇ ಬೇಕೆನ್ನುವವನ ಮೇಜಿನ ಮೇಲೆ ಬಿಲ್ಲುಗಳು ಭದ್ರವಾಗಿರುತ್ತವೆ. ವ್ಯಾಪಾರ ಬೇರೆಯವರ ಕಡೆ ಹೋಗಿರುತ್ತದೆ.

*

ಎಲ್ಲವನ್ನೂ ಪರೀಕ್ಷಿಸುವವನಿಗೆ ಯಾವುದು ಮುಖ್ಯವೆಂದು ತಿಳಿದಿಲ್ಲ. ಯಾವುದನ್ನೂ ಪರೀಕ್ಷಿಸದವನಿಗೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

*

ಕತಾರ್ ಮತ್ತು ಭಾರತದ ನಡುವಿನ ದೊಡ್ಡ ವ್ಯವಹಾರ ಅನಿಲದ್ದು. 1999ರಲ್ಲಿ ಭಾರತದ ಪೆಟ್ರೋನೆಟ್ ಕಂಪನಿ ಕತಾರಿನ ರಾಸ್‌ಗ್ಯಾಸ್ ಜೊತೆ 25 ವರ್ಷಗಳ ಒಪ್ಪಂದ ಮಾಡಿಕೊಂಡಿತು. ಪ್ರಮಾಣ ವರ್ಷಕ್ಕೆ 75 ಲಕ್ಷ ಟನ್. 2004ರಲ್ಲಿ ಗುಜರಾತಿನ ದಹೇಜಿಗೆ ಮೊದಲ ಹಡಗು ಬಂತು. ಒಪ್ಪಂದದಲ್ಲಿ ಒಂದು ಬಿಗಿ ಷರತ್ತಿತ್ತು: ಅನಿಲ ಎತ್ತಿಕೊಳ್ಳದಿದ್ದರೂ ಹಣ ಕಟ್ಟಬೇಕು. 2015ರಲ್ಲಿ ಮಾರುಕಟ್ಟೆ ದರ ಬಿದ್ದಾಗ ಪೆಟ್ರೋನೆಟ್ ಒಪ್ಪಿದಷ್ಟು ಎತ್ತಲಿಲ್ಲ. ಕತಾರ್ ದಂಡ ವಸೂಲಿ ಮಾಡಬಹುದಿತ್ತು. ಮಾಡಲಿಲ್ಲ. ಆ ವರ್ಷದ ಕೊನೆಗೆ ದರದ ಸೂತ್ರ ಬದಲಾಯಿತು, ಬೆಲೆ ಸುಮಾರು ಅರ್ಧಕ್ಕಿಳಿಯಿತು, ದಂಡ ಮನ್ನಾ ಆಯಿತು. ಬದಲಿಗೆ ಉಳಿದ ಅನಿಲವನ್ನು ಮುಂದೆ ಎತ್ತಿಕೊಳ್ಳಲು, ವರ್ಷಕ್ಕೆ ಇನ್ನೂ 10 ಲಕ್ಷ ಟನ್ ಕೊಳ್ಳಲು ಭಾರತದ ಕಂಪನಿಗಳು ಒಪ್ಪಿದವು.

ಷರತ್ತು ಕೈಯಲ್ಲಿದ್ದದ್ದರಿಂದ ಅದನ್ನು ಬಿಟ್ಟುಕೊಟ್ಟದ್ದಕ್ಕೆ ಬೆಲೆ ಬಂತು. ಇಲ್ಲದ ಹಕ್ಕನ್ನು ಯಾರೂ ಉದಾರವಾಗಿ ಬಿಟ್ಟುಕೊಡಲಾರರು.

*

ಆ ಉದಾರತೆಯ ಫಲ 2024ರ ಫೆಬ್ರವರಿ 6ರಂದು ಗೋವಾದಲ್ಲಿ ಕಂಡಿತು. ಅದೇ 75 ಲಕ್ಷ ಟನ್ನಿಗೆ 2028ರಿಂದ 2048ರವರೆಗೆ ಮತ್ತೆ ಸಹಿ ಬಿತ್ತು. ಒಂದು ವರ್ಷದ ದಂಡವನ್ನು ಬಿಟ್ಟವನಿಗೆ ಇಪ್ಪತ್ತು ವರ್ಷದ ಗಿರಾಕಿ ಉಳಿದ.

*

ಕತಾರಿನ ಇನ್ನೊಂದು ಅನಿಲ ಕಂಪನಿ ಕತಾರ್‌ಗ್ಯಾಸ್ 1984ರಲ್ಲಿ ಹುಟ್ಟಿತು. ಆರಂಭದ ಪಾಲುದಾರರಲ್ಲಿ ಒಂದಾದ ಬಿಪಿ 1992ರಲ್ಲಿ ಕೈಬಿಟ್ಟು ಹೋಯಿತು. ಅದೇ ವರ್ಷ ಜಪಾನಿನ ಚುಬು ವಿದ್ಯುತ್ ಕಂಪನಿ ವರ್ಷಕ್ಕೆ 40 ಲಕ್ಷ ಟನ್ ಕೊಳ್ಳುತ್ತೇನೆಂದು ಸಹಿ ಮಾಡಿತು, ಅನಿಲ ಇನ್ನೂ ನೆಲದಡಿ ಇರುವಾಗಲೇ. 1996ರ ಕೊನೆಗೆ ಮೊದಲ ಹಡಗು ಹೊರಟಿತು. ಹೋದವನಿಗೆ ಅಪಾಯ ಕಂಡಿತು, ಬಂದವನಿಗೂ ಅದೇ ಕಂಡಿತ್ತು. ಅಪಾಯ ಕಾಣದೆ ಇಡುವ ನಂಬಿಕೆ ಅಜ್ಞಾನ. ಕಂಡೂ ಇಡುವುದಕ್ಕೆ ಎದೆ ಬೇಕು.

*

ಚುಬುವಿನ ವಾರಸುದಾರನಾಗಿ ಬಂದ ಜೆರಾ ಕಂಪನಿ 2021ರ ಕೊನೆಗೆ ಆ ಹಳೆಯ ಒಪ್ಪಂದವನ್ನು ಮುಂದುವರಿಸಲಿಲ್ಲ. ಯಾರೂ ದ್ರೋಹ ಎನ್ನಲಿಲ್ಲ. ಅವಧಿ ಮುಗಿದು ಬಿಡುವುದೂ ಒಪ್ಪಂದವನ್ನು ಗೌರವಿಸುವ ಒಂದು ಬಗೆ.

*

ಹಳೆಯ ಸ್ನೇಹ ಹೊಸ ಒಪ್ಪಂದವನ್ನು ಓದಿಸಬೇಕು. ಓದದೆ ಸಹಿ ಹಾಕಿಸಿದರೆ ಸ್ನೇಹ ಅಲ್ಲಿಗೇ ಹಳತಾಗುತ್ತದೆ.

*

2017ರ ಜೂನ್ 5ರಂದು ಸೌದಿ ಅರೇಬಿಯಾ, ಯುಎಇ, ಬಹರೇನ್, ಈಜಿಪ್ಟ್ ಕತಾರಿನ ಸಂಬಂಧ ಕಡಿದುಕೊಂಡವು. ಗಡಿ ಮುಚ್ಚಿತು, ಆಕಾಶ ಮುಚ್ಚಿತು, ದುಬೈ ಬಂದರಿನ ಮೂಲಕ ಬರುತ್ತಿದ್ದ ಸರಕು ನಿಂತಿತು. ನಿಲ್ಲದೆ ಹೋದದ್ದು ಒಂದು: ರಾಸ್ ಲಫಾನಿನಿಂದ ಅಬುಧಾಬಿಯ ತವೀಲಾಕ್ಕೆ ಸಮುದ್ರದಡಿ ಹೋಗುವ 364 ಕಿ.ಮೀ. ಉದ್ದದ ಡಾಲ್ಫಿನ್ ಅನಿಲ ಕೊಳವೆ. ರಾಯಭಾರಿಗಳು ಊರು ಬಿಟ್ಟರು, ಅನಿಲ ಹರಿಯುತ್ತಲೇ ಇತ್ತು. 2021ರ ಜನವರಿ 5ರಂದು ಅಲ್ ಉಲಾದಲ್ಲಿ ರಾಜಿಯಾಗುವವರೆಗೆ, ಮೂರೂವರೆ ವರ್ಷ, ಕತಾರ್ ಅದರ ಕೀಲಿ ತಿರುಗಿಸಲಿಲ್ಲ.

ಹತೋಟಿ ಇದ್ದದ್ದು ಬಳಸದೆ ಇಟ್ಟಾಗಲೇ ಲೋಕಕ್ಕೆ ಕಂಡಿತು. ಅಂದು ಬೇರೆ ಬೇರೆ ದೇಶದ ಗಿರಾಕಿಗಳೂ ಆ ಕೊಳವೆಯನ್ನೇ ನೋಡುತ್ತಿದ್ದಿರಬೇಕು: ಶತ್ರುವಿಗೇ ನಿಲ್ಲಿಸದವನು ನಮಗೆ ನಿಲ್ಲಿಸುತ್ತಾನೆಯೇ ಎಂದು.

*

ಕತಾರ್ ಮತ್ತು ಅಬುಧಾಬಿಯ ನಡುವಿನ ಸಮುದ್ರದಲ್ಲಿ ಅಲ್ ಬುಂದುಖ್ ಎಂಬ ತೈಲ ನೆಲೆ ಇದೆ. 1969ರ ಗಡಿ ಒಪ್ಪಂದದಂತೆ ಆದಾಯ ಇಬ್ಬರಿಗೂ ಸಮಪಾಲು. ದಿಗ್ಬಂಧನ ನಡೆಯುತ್ತಿದ್ದ 2018ರ ಮಾರ್ಚಿನಲ್ಲೇ, ಅದನ್ನು ನಡೆಸುತ್ತಿದ್ದ ಜಪಾನೀ ಕಂಪನಿಯ ಗುತ್ತಿಗೆ ನವೀಕರಣವಾಯಿತು. ಮಾತು ಬಿಟ್ಟ ಮನೆಗಳ ನಡುವೆಯೂ ಕಾಗದ ಮಾತಾಡಬಲ್ಲದು, ಅದನ್ನು ಮಾತು ಚೆನ್ನಾಗಿದ್ದಾಗ ಬರೆದಿದ್ದರೆ.

*

ನಿಮ್ಮ ಪಾಲುದಾರ ಒಳ್ಳೆಯವನಿರಬಹುದು. ಅವನ ಸರ್ಕಾರದ ನಿರ್ಧಾರ ಅವನ ಕೈಯಲ್ಲಿಲ್ಲ. 1959ರಿಂದ ಕೊಲ್ಲಿಗಾಗಿಯೇ ರಿಸರ್ವ್ ಬ್ಯಾಂಕ್ ಬೇರೆ ರೂಪಾಯಿ ನೋಟು ಅಚ್ಚು ಹಾಕುತ್ತಿತ್ತು. ಕತಾರಿನಲ್ಲಿ ನಡೆಯುತ್ತಿದ್ದುದು ಅದೇ. 1966ರ ಜೂನ್ 6ರಂದು ದೆಹಲಿ ರೂಪಾಯಿಯನ್ನು ಅಪಮೌಲ್ಯಗೊಳಿಸಿತು, ಡಾಲರಿಗೆ 4.76 ಇದ್ದದ್ದು 7.50 ಆಯಿತು. ದೋಹಾದ ವ್ಯಾಪಾರಿಯ ಪೆಟ್ಟಿಗೆಯಲ್ಲಿದ್ದ ಹಣ ಅವನದೇನೂ ತಪ್ಪಿಲ್ಲದೆ ಸೊರಗಿತು. ಅದೇ ವರ್ಷ ಕತಾರ್ ರೂಪಾಯಿಯನ್ನು ಬಿಟ್ಟು ದುಬೈ ಜೊತೆ ಸೇರಿ ತನ್ನದೇ ರಿಯಾಲ್ ತಂದಿತು. ಬೇರೊಬ್ಬರ ಮನೆಯ ನಿರ್ಧಾರಕ್ಕೆ ನಮ್ಮ ಗಂಟು ಕಟ್ಟಿಕೊಂಡಿದ್ದರೆ ಬೈಯಲೂ ಯಾರೂ ಸಿಗುವುದಿಲ್ಲ.

*

ಕತಾರ್ ಏರ್‌ವೇಸ್ ತನ್ನ ಎ350 ವಿಮಾನಗಳ ಮೇಲ್ಮೈ ಬಣ್ಣ ಕಿತ್ತುಬರುತ್ತಿದೆ, ಇದು ಸುರಕ್ಷತೆಯ ಪ್ರಶ್ನೆ ಎಂದಿತು. ಏರ್‌ಬಸ್ ದೋಷ ಒಪ್ಪಿತು, ಅಪಾಯವಿಲ್ಲ ಎಂದಿತು. ವ್ಯಾಜ್ಯ ಲಂಡನ್ ಹೈಕೋರ್ಟಿಗೆ ಹೋಯಿತು. 2022ರಲ್ಲಿ ಏರ್‌ಬಸ್, ಜಗಳಕ್ಕೆ ಸಂಬಂಧವೇ ಇಲ್ಲದ 50 ಎ321 ನಿಯೋ ವಿಮಾನಗಳ ಆರ್ಡರನ್ನೂ ರದ್ದುಮಾಡಿತು. 2023ರ ಫೆಬ್ರವರಿ 1ರಂದು, ವಿಚಾರಣೆಗೆ ಕೆಲವೇ ತಿಂಗಳಿರುವಾಗ, ಯಾರೂ ತಪ್ಪೊಪ್ಪಿಕೊಳ್ಳದೆ ರಾಜಿಯಾದರು, ಆರ್ಡರುಗಳು ಮರಳಿದವು.

ಒಂದು ಒಪ್ಪಂದದ ಜಗಳವನ್ನು ಇನ್ನೊಂದಕ್ಕೆ ಹಬ್ಬಿಸಬಾರದೆಂದು ಕಲಿಯಲು ಇಬ್ಬರಿಗೂ ಹಣ ಖರ್ಚಾಯಿತು. ಬೇರೆಯವರ ಖರ್ಚಿನಲ್ಲಿ ಕಲಿಯುವುದು ನಮಗೆ ಅಗ್ಗ.

*

2022ರಲ್ಲಿ ಬೆಂಗಳೂರಿನ ಬೈಜೂಸ್ ಕತಾರ್ ವಿಶ್ವಕಪ್ಪಿನ ಅಧಿಕೃತ ಪ್ರಾಯೋಜಕ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕತಾರಿನ ಸಾರ್ವಭೌಮ ನಿಧಿಯ ಅಂಗವಾದ ಕತಾರ್ ಹೋಲ್ಡಿಂಗ್, ಬೈಜೂಸ್‌ನ ಸಿಂಗಪುರದ ಕಂಪನಿಗೆ 15 ಕೋಟಿ ಡಾಲರ್ ಒದಗಿಸಿತು. ಸಂಸ್ಥಾಪಕರ ವೈಯಕ್ತಿಕ ಖಾತರಿ ಪಡೆಯಿತು. ಆ ಹಣದಿಂದ ಕೊಂಡ ಷೇರುಗಳನ್ನು ಷರತ್ತು ಮೀರಿ ವರ್ಗಾಯಿಸಲಾಯಿತು ಎಂಬುದು ಕತಾರ್ ಕಡೆಯ ವಾದ. ಸಿಂಗಪುರದ ಮಧ್ಯಸ್ಥಿಕೆಯಲ್ಲಿ 2025ರ ಜುಲೈನಲ್ಲಿ ಸುಮಾರು 23.5 ಕೋಟಿ ಡಾಲರಿನ ಆದೇಶ ಬಂತು. ಅದರ ಜಾರಿಗೆ ಕತಾರ್ ಹೋಲ್ಡಿಂಗ್ ತಟ್ಟಿದ್ದು ಕರ್ನಾಟಕ ಹೈಕೋರ್ಟಿನ ಬಾಗಿಲು.

ಕ್ರೀಡಾಂಗಣದ ಹಲಗೆಯ ಮೇಲೆ ಹೆಸರು ದೊಡ್ಡದಾಗಿ ಹೊಳೆಯುತ್ತಿದ್ದಾಗಲೂ ಹಣ ಕೊಟ್ಟವರು ಖಾತರಿ ಕೇಳಿದ್ದರು. ಆದರೂ ಆದೇಶ ಬರಲಿಕ್ಕೇ ಸುಮಾರು ಮೂರು ವರ್ಷ ಬೇಕಾಯಿತು. ಖಾತರಿ ಹಣವನ್ನು ವಾಪಸು ತರುವುದಿಲ್ಲ. ತರಲು ಹೋಗಬೇಕಾದ ದಾರಿಯನ್ನು ತೋರಿಸುತ್ತದೆ, ಅಷ್ಟೇ.

*

ಮಧ್ಯಸ್ಥಿಕೆ ಎಲ್ಲಿ ನಡೆಯಬೇಕೆಂದು ಚರ್ಚಿಸುವವರು ಪಾಲುದಾರನ ಆಸ್ತಿ ಎಲ್ಲಿದೆಯೆಂದು ಕೇಳುವುದನ್ನು ಮರೆಯುತ್ತಾರೆ. ತೀರ್ಪು ಒಂದು ಊರಿನಲ್ಲಿ, ವಸೂಲಿ ಇನ್ನೊಂದು ಊರಿನಲ್ಲಿ.

*

ಕತಾರ್ ಫೈನಾನ್ಶಿಯಲ್ ಸೆಂಟರಿನೊಳಗೆ ನೋಂದಾಯಿಸಿದರೆ ಇಂಗ್ಲಿಷಿನಲ್ಲಿ ನಡೆಯುವ ಕೋರ್ಟು ಸಿಗುತ್ತದೆ. ಹೊರಗಿನ ಕೋರ್ಟಿನ ಭಾಷೆ ಅರಬ್ಬಿ. ಓದಲಾಗದ ಕಾಗದಕ್ಕೆ ಸಹಿ ಹಾಕುವಾಗ ನಂಬುತ್ತಿರುವುದು ಪಾಲುದಾರನನ್ನಲ್ಲ, ಅನುವಾದಕನನ್ನು. ಅವನನ್ನು ಆರಿಸಿದ್ದು ಯಾರೆಂದು ಕೇಳಿಕೊಳ್ಳಿ.

*

ಸರ್ಕಾರಿ ಕಚೇರಿಗಳನ್ನು ಸುತ್ತುವ ಮಂದೂಬನಿಗೆ ಕಂಪನಿಯ ಎಲ್ಲ ಬಾಗಿಲೂ ಗೊತ್ತು. ಸಂಬಳದ ಪಟ್ಟಿಯಲ್ಲಿ ಅವನ ಹೆಸರು ಕೆಳಗಿರುತ್ತದೆ. ದೊಡ್ಡ ನಂಬಿಕೆಗಳನ್ನು ನಾವು ಯೋಚಿಸಿ ಇಡುತ್ತೇವೆ, ಅತಿ ದೊಡ್ಡವನ್ನು ಯೋಚಿಸದೆ ಇಡುತ್ತೇವೆ.

*

ಕರ್ನಾಟಕ ಸಂಘದಲ್ಲೋ ತುಳು ಕೂಟದಲ್ಲೋ ಪರಿಚಯವಾದವನು ನಮ್ಮೂರಿನವನೆಂಬ ಒಂದೇ ಕಾರಣಕ್ಕೆ ಹತ್ತಿರವಾಗುತ್ತಾನೆ. ಪರದೇಶದಲ್ಲಿ ಅದು ದೊಡ್ಡ ಆಸರೆ. ಆಸ್ಪತ್ರೆಗೆ ಸೇರಿದ ರಾತ್ರಿ ಅವನನ್ನೇ ಕರೆಯಿರಿ. ಸಾಲಕ್ಕೆ ಜಾಮೀನು ಹಾಕುವ ದಿನ ಮಾತ್ರ ಬ್ಯಾಂಕಿನವನು ಕೇಳುವ ಪ್ರಶ್ನೆಗಳನ್ನೇ ಕೇಳಿ.

*

ಕರಕ್ ಚಹಾ ಕುಡಿಯುತ್ತ ಪಾಲುದಾರನ ಮಜ್ಲಿಸಿನಲ್ಲಿ, ಅವನ ಬೈಠಕ್ಕಿನ ಕೋಣೆಯಲ್ಲಿ, ಕೂತ ಗಂಟೆಯನ್ನು ವ್ಯರ್ಥ ಎನ್ನುವ ಮ್ಯಾನೇಜರ್ ಮುಂದೊಂದು ದಿನ ಅದೇ ವಿಷಯಕ್ಕೆ ವಕೀಲರ ಗಂಟೆಗೆ ಹಣ ಕಟ್ಟುತ್ತಾನೆ.

*

ಮಜ್ಲಿಸಿನಲ್ಲಿ ಒಪ್ಪಿದ್ದನ್ನು ಮರುದಿನ ಬೆಳಿಗ್ಗೆ ನಾಲ್ಕು ಸಾಲಿನ ಇಮೇಲಿನಲ್ಲಿ ಬರೆದು ಕಳಿಸಿ. ಒಳ್ಳೆಯ ಪಾಲುದಾರ ಧನ್ಯವಾದ ಹೇಳುತ್ತಾನೆ. ಕೆಟ್ಟವನು ಫೋನ್ ಮಾಡಿ, ಇದನ್ನೆಲ್ಲ ಯಾಕೆ ಬರೆದಿರಿ ಎನ್ನುತ್ತಾನೆ. ಖರ್ಚಿಲ್ಲದೆ ಇಷ್ಟು ತಿಳಿಸುವ ಪರೀಕ್ಷೆ ಬೇರೆ ಇಲ್ಲ.

*

ಸಹಿ ಹಾಕುವ ಮೊದಲು ಮೂರೇ ಪ್ರಶ್ನೆ. ಹಣ ಯಾರ ಸಹಿಗೆ ಹೊರಡುತ್ತದೆ? ಲೆಕ್ಕ ಯಾರ ಯಾರ ಕಣ್ಣಿಗೆ ಬೀಳುತ್ತದೆ? ಬೇಡವಾದ ದಿನ ಬಿಡುವುದು ಹೇಗೆ? ಇವಕ್ಕೆ ಬರಹದಲ್ಲಿ ಉತ್ತರ ಇದ್ದರೆ ಉಳಿದದ್ದರಲ್ಲೆಲ್ಲ ಧಾರಾಳವಾಗಿ ನಂಬಬಹುದು, ಪಾಲು ಐವತ್ತೊಂದಿರಲಿ, ನಲವತ್ತೊಂಬತ್ತಿರಲಿ. ಇಲ್ಲದಿದ್ದರೆ ದಿನಕ್ಕೆ ಹತ್ತು ಸಲ ಫೋನ್ ಮಾಡಿ ವಿಚಾರಿಸಿದರೂ ಸಾಲದು.